ಅರ್ಧ ಟ್ಯಾಂಕ್ ಇದೆ ಅಂದ ಮುಳ್ಳನ್ನು ನಂಬಿ ನೀರಿನ ನಡುವೆ ನಿಂತೆ

ಎಂಜಿನ್ ಎರಡು ಸಲ ಕೆಮ್ಮಿ ನಿಂತಾಗ ಮೊದಲು ನೋಡಿದ್ದು ಪೆಟ್ರೋಲ್ ಮೀಟರ್. ಮುಳ್ಳು ಅರ್ಧದಲ್ಲಿತ್ತು. ಹಾಗಾಗಿ ಪೆಟ್ರೋಲ್ ಖಾಲಿಯಾಗಿದೆ ಅಂತ ಹೊಳೆಯಲೇ ಇಲ್ಲ. ಫಿಲ್ಟರ್, ಪ್ಲಗ್ ಅಂತ ಅರ್ಧ ಗಂಟೆ ಬಿಚ್ಚುತ್ತಾ ಕೂತೆ. ಅಷ್ಟರಲ್ಲಿ ಗಾಳಿ ಬೋಟನ್ನು ಬಂಡೆಗಳ ಕಡೆ ತಳ್ಳುತ್ತಿತ್ತು. ಲಂಗರು ಹಾಕುವ ಬುದ್ಧಿ ಬಂದದ್ದು ಆಮೇಲೆ. ಕೊನೆಗೆ ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು.

ಸುಳಿವು ಮೊದಲೇ ಇತ್ತು. ಬೆಳಿಗ್ಗೆಯಿಂದ ಮುಳ್ಳು ಅಲ್ಲಾಡಿರಲೇ ಇಲ್ಲ. ಅಲೆಗಳ ಮೇಲೆ ಬೋಟ್ ಕುಣಿಯುವಾಗ ಟ್ಯಾಂಕಿನೊಳಗೆ ಪೆಟ್ರೋಲ್ ತುಳುಕುತ್ತದೆ, ಮುಳ್ಳೂ ಸ್ವಲ್ಪ ಆಡಬೇಕು ಅಲ್ವಾ? ನಾನು ಮಾತ್ರ ‘ಪರವಾಗಿಲ್ಲ, ಎಂಜಿನ್ ಈಗ ಕಡಿಮೆ ಕುಡಿಯುತ್ತಿದೆ’ ಅಂತ ಖುಷಿಯಾಗಿದ್ದೆ.

ದಡಕ್ಕೆ ಬಂದವನೇ ಹೊಸ ಮೀಟರ್ ತಂದು ಕೂರಿಸಿದೆ. ಹನಿ ಪೆಟ್ರೋಲ್ ಇಲ್ಲದ ಟ್ಯಾಂಕಿಗೆ ಅದೂ ಅರ್ಧವೇ ತೋರಿಸಿತು! ಸುಮ್ನೆ ದುಡ್ಡು ದಂಡ. ಹಳೆಯದಕ್ಕೆ ಏನೂ ಆಗಿರಲಿಲ್ಲ. ಮೀಟರಿನ ಹಿಂದೆ ‘ಎಸ್’ ಅಂತ ಗುರುತಿರುವ ಕಡೆ ಟ್ಯಾಂಕಿನ ಸೆಂಡರಿನಿಂದ (ಒಳಗೆ ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಭಾಗ) ಬಂದ ವೈರ್ ಇರುತ್ತದೆ, ಹೆಚ್ಚಾಗಿ ಗುಲಾಬಿ ಬಣ್ಣದ್ದು. ನನ್ನದರಂಥ ಅಮೆರಿಕನ್ ಮಾದರಿಯಲ್ಲಿ ಆ ವೈರ್ ಬಿಚ್ಚಿ ಕೀ ಆನ್ ಮಾಡಿದರೆ ಮುಳ್ಳು ಖಾಲಿಗೆ ಇಳಿಯಬೇಕು. ಕೀ ಆಫ್ ಮಾಡಿ, ‘ಎಸ್’ ಮತ್ತು ‘ಜಿ’ (ಗ್ರೌಂಡ್) ಎರಡನ್ನೂ ವೈರ್ ತುಂಡಿನಿಂದ ಸೇರಿಸಿ, ಮತ್ತೆ ಆನ್ ಮಾಡಿದರೆ ಪೂರ್ತಿ ಮೇಲೇರಬೇಕು. ಎರಡೂ ಸರಿಯಾಗಿ ಆದರೆ ಮೀಟರ್ ಚೆನ್ನಾಗಿದೆ. ತೊಂದರೆ ವೈರಿನಲ್ಲೋ ಸೆಂಡರಿನಲ್ಲೋ ಇರುತ್ತದೆ.

ಸೆಂಡರಿಗೆ ಮಲ್ಟಿಮೀಟರ್ ಹಿಡಿಯುವ ಮೊದಲು ಇನ್ನೊಂದು ಪೆದ್ದುತನ ಆಗುವುದರಲ್ಲಿತ್ತು. ಪರಿಚಯದವರೊಬ್ಬರು ಫೋನಿನಲ್ಲಿ ‘ಟ್ಯಾಂಕಿನ ಮೇಲೇ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿ ನೋಡು’ ಅಂದರು. ಬ್ಯಾಟರಿ ಆನ್ ಇತ್ತು, ಸ್ಕ್ರೂಡ್ರೈವರ್ ಕೈಯಲ್ಲಿತ್ತು. ಮೂಗಿಗೆ ಪೆಟ್ರೋಲ್ ವಾಸನೆ ಬಡಿದಿದ್ದರಿಂದ ಬಚಾವ್. ಖಾಲಿ ಟ್ಯಾಂಕ್ ಅಂದರೆ ಆವಿ ತುಂಬಿದ ಟ್ಯಾಂಕ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂತಿರುತ್ತದೆ. ಒಂದು ಕಿಡಿ ಸಾಕು. ದಯವಿಟ್ಟು ಅಲ್ಲಿ ಕೈ ಹಾಕುವ ಮೊದಲು ಬ್ಲೋವರ್ (ತಳದ ಆವಿಯನ್ನು ಹೊರಗೆ ಹಾಕುವ ಫ್ಯಾನ್) ಕನಿಷ್ಠ 4 ನಿಮಿಷ ಓಡಿಸಿ, ಮುಚ್ಚಳಗಳನ್ನೆಲ್ಲ ತೆಗೆದಿಡಿ, ಬ್ಯಾಟರಿ ಸಂಪರ್ಕ ತಪ್ಪಿಸಿ. ಆಮೇಲೂ ವಾಸನೆ ಇದ್ದರೆ ಆ ದಿನ ಮುಟ್ಟಲೇಬೇಡಿ.

ವೈರ್ ಬಿಚ್ಚಿ ಸೆಂಡರಿನ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಅಳೆದಾಗ ಗುಟ್ಟು ಗೊತ್ತಾಯಿತು. ಈ ಮಾದರಿಯಲ್ಲಿ ಖಾಲಿಗೆ 240 ಓಮ್, ತುಂಬಿದ್ದಕ್ಕೆ 33 ಓಮ್ ಬರಬೇಕು. ನನ್ನದು ಖಾಲಿಯಿದ್ದಾಗಲೂ 100ರ ಆಸುಪಾಸು. ಹೊರಗೆ ತೆಗೆದರೆ, ಪೆಟ್ರೋಲ್ ಮೇಲೆ ತೇಲುವ ಫ್ಲೋಟಿನ ತೋಳು ಕೀಲಿನಲ್ಲಿ ತುಕ್ಕು ಹಿಡಿದು ನಡುವೆಯೇ ಸಿಕ್ಕಿಕೊಂಡಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಅಂಗಡಿಯವನು ‘ಎಲ್ಲಾ ಒಂದೇ’ ಅಂತ ಕೊಟ್ಟ ಹೊಸ ಸೆಂಡರ್ ಯುರೋಪಿಯನ್ ಮಾದರಿಯದು. ಅದರ ಲೆಕ್ಕ ಉಲ್ಟಾ: ಖಾಲಿಗೆ 10 ಓಮ್, ತುಂಬಿದ್ದಕ್ಕೆ 180 ಓಮ್. ಟ್ಯಾಂಕ್ ತುಂಬಿಸಿದರೆ ಮುಳ್ಳು ಖಾಲಿ ಕಡೆ ಓಡಿತು. ಅಂದರೆ ಪೆಟ್ರೋಲ್ ಮುಗಿಯುತ್ತಾ ಬಂದಂತೆ ‘ತುಂಬಿದೆ’ ಅನ್ನುವ ಮೀಟರ್! ಹಳೆಯದೇ ಎಷ್ಟೋ ವಾಸಿ ಅನ್ನಿಸಿತು. ಮೀಟರ್ ಮತ್ತು ಸೆಂಡರ್ ಎರಡರ ಓಮ್ ಲೆಕ್ಕ ಹೊಂದುತ್ತದೆಯೇ ಅಂತ ನೋಡದೆ ದುಡ್ಡು ಕೊಡಬೇಡಿ. ತೋಳಿನ ಉದ್ದ ಟ್ಯಾಂಕಿನ ಆಳಕ್ಕೆ ಸರಿಯಾಗಬೇಕು, ಅದನ್ನೂ ಅಳೆದುಕೊಂಡೇ ಹೋಗಿ.

ಈಗ ಸರಿಯಾದ ಸೆಂಡರ್ ಕೂತಿದೆ, ಮುಳ್ಳು ಆಡುತ್ತಿದೆ. ಆದರೂ ಟ್ಯಾಂಕಿನ ಮೂರನೇ ಒಂದು ಭಾಗ ಹೋಗುವುದಕ್ಕೆ, ಇನ್ನೊಂದು ಭಾಗ ಬರುವುದಕ್ಕೆ, ಉಳಿದದ್ದನ್ನು ಮುಟ್ಟುವುದಿಲ್ಲ. ಎಂಜಿನ್ ಓಡಿದ ಗಂಟೆಗಳನ್ನೂ ಬರೆದಿಡುತ್ತೇನೆ. ಹಳೇ ಮೀಟರ್ ತನ್ನ ಜಾಗಕ್ಕೆ ವಾಪಸ್ ಬಂದಿದೆ, ಹೊಸದು ಡಬ್ಬಿಯಲ್ಲೇ ಬಿದ್ದಿದೆ.