ಮನೆ, ಕೆರೆ ದಂಡೆ, ಬಾಡಿಗೆ ಹಾಲ್: ಮಾತಿಗೆ ಎಲ್ಲಿ ಸೇರೋಣ?

ಪುಸ್ತಕ, ನಾಟಕ, ವಿಚಾರ ಮಾತಾಡಲು ಮೈಸೂರಿನಲ್ಲಿ ಗುಂಪು ಕಟ್ಟಬೇಕು, ಎಲ್ಲಿ ಸೇರೋಣ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಕುಕ್ಕರಹಳ್ಳಿ ಕೆರೆ ದಂಡೆಗೆ ಬಾಡಿಗೆ ಇಲ್ಲ. ಮನೆಯಲ್ಲಾದರೆ ಕಾಫಿ, ಚುರುಮುರಿ ಅಷ್ಟೇ. ಹಾಲ್ ಅಂದರೆ ಬಾಡಿಗೆ, ಮೈಕು ಎಲ್ಲಾ ಲೆಕ್ಕ.

ನನಗೆ ಮಾತು ಹೇಗೆ ನಡೆಯುತ್ತದೆ ಅನ್ನೋದೇ ಮುಖ್ಯ. ವೇದಿಕೆ ಕಂಡರೆ ಸಾಕು, ಸ್ವಾಗತ, ಹಾರ, ಶಾಲು ಶುರು! ಒಬ್ಬರು ಭಾಷಣ ಮಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ಮನೆಯಲ್ಲಿ ದುಂಡಗೆ ಕೂತರೆ ಸಂಕೋಚದವರೂ ಬಾಯಿ ಬಿಡುತ್ತಾರೆ. ಜಾತಿ, ಧರ್ಮದಂಥ ಬಿಸಿ ವಿಷಯಕ್ಕೂ ಅದೇ ಸಲೀಸು. ಆದರೆ ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಗುರುತಿಲ್ಲದ ಮನೆಗೆ ಹೋಗಲು ಹಿಂಜರಿಕೆ ಇರುತ್ತದೆ ಅಲ್ವಾ? ಅಂಥವರು ಜಾಸ್ತಿ ಇದ್ದರೆ ಕೆರೆ ದಂಡೆ ವಾಸಿ. ಪಕ್ಕದಲ್ಲೇ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ವಿದ್ಯಾರ್ಥಿಗಳಿಗೂ ಹತ್ತಿರ. ಮಳೆಗಾಲದಲ್ಲಿ ಮಾತ್ರ ನಂಬುವ ಹಾಗಿಲ್ಲ.

ಹೊರಗಿನವರನ್ನು ಕರೆಸಿ 50 ಜನ ಕೂರುವುದಿದ್ದರೆ ಹಾಲ್ ಬೇಕೇ ಬೇಕು. ನಾಟಕದ ಚರ್ಚೆಗೆ ಸುಮ್ನೆ ಹಾಲ್ ಯಾಕೆ? 1989ರಲ್ಲಿ ಶುರುವಾದ ನಾಟಕ ಸಂಸ್ಥೆ ರಂಗಾಯಣ ಊರಲ್ಲೇ ಇದೆ. ಒಟ್ಟಿಗೆ ನಾಟಕ ನೋಡಿ, ಹೊರಗೆ ಬಂದು ಚಹಾ ಕುಡಿಯುತ್ತಾ ಮಾತಾಡಿ.

ಗುಂಪು ಬಾಳಬೇಕಾದರೆ ವಾರ, ಹೊತ್ತು ಬದಲಿಸಬೇಡಿ. ಮನೆ ಆರಿಸಿಕೊಂಡರೆ ಸರದಿ ಹಾಕಿ. ಪ್ರತಿ ಸಲ ಒಬ್ಬರ ಅಡುಗೆಮನೆಗೇ ಕೆಲಸ ಬೀಳಬಾರದು.