ಆಗುಂಬೆ ರಸ್ತೆಯ ಗ್ಯಾರೇಜು: ಬ್ರೇಕಿನ ಎಚ್ಚರಿಕೆ ಲೈಟ್ ಯಾಕೆ ಉರೀತು ಅಂತ ಹುಡುಕಿದವರು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೊರಟರೆ, ಊರು ದಾಟುವ ಹೊತ್ತಿಗೆ ತಗಡಿನ ಶೀಟ್ ಹೊದಿಸಿದ ಒಂದು ಗ್ಯಾರೇಜು ಸಿಗುತ್ತದೆ. ಬೋರ್ಡ್ ಇಲ್ಲ. ಬ್ರೇಕ್ ಕೆಲಸಕ್ಕೆ ಎಲ್ಲಿಗೆ ಹೋಗಲಿ ಅಂತ ನಮ್ಮ ಕಡೆಯವರು ಯಾರೇ ಕೇಳಿದರೂ ನಾನು ಈಗ ಹೇಳುವುದು ಇದೇ ಜಾಗ. ಲೈಟ್ ಆರಿದರೆ ಕೆಲಸ ಮುಗಿಯಿತು ಅಂತ ಇಲ್ಲಿಯವರು ಕೈ ತೊಳೆದುಕೊಳ್ಳುವುದಿಲ್ಲ. ಅದು ಯಾಕೆ ಉರೀತು ಅಂತ ಹುಡುಕುತ್ತಾರೆ.

ನನ್ನದು 2017ರ ವ್ಯಾಗನ್ ಆರ್. ದಿನಾ ಶಾಲೆಗೆ ಹೋಗಿಬರುವುದು ಅದರಲ್ಲೇ. ಜೊತೆಗೆ ಮಾವನವರನ್ನು ಆಗಾಗ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಹೋಗುವುದು. ಸಂಜೆ ಅದೇ ದಾರಿಯಲ್ಲಿ ಹತ್ತಿ ಬರುವುದು. ಆ ತಿರುವುಗಳಲ್ಲಿ ಓಡಿಸಿದವರಿಗೆ ಗೊತ್ತು, ಬ್ರೇಕ್ ಬಗ್ಗೆ ಚೂರು ಅನುಮಾನ ಬಂದರೂ ಕೈ ಬೆವರುತ್ತದೆ. ಪಕ್ಕದಲ್ಲಿ ಹಿರಿಯರು ಕೂತಿದ್ದರಂತೂ ಕೇಳುವುದೇ ಬೇಡ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಮಣಿಪಾಲದಿಂದ ವಾಪಸ್ ಬರುವಾಗ ಘಾಟಿಯ ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ಲೈಟ್ ಮಿನುಗಿತು. ಸುತ್ತು ಹಾಕಿದ ಆಶ್ಚರ್ಯಸೂಚಕ ಗುರುತು ಇರುತ್ತದಲ್ಲ, ಅದು. ನೇರ ರಸ್ತೆಗೆ ಬಂದಾಗ ಆರಿತು. ಮುಂದಿನ ತಿರುವಿಗೆ ಮತ್ತೆ ಬಂತು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿತ್ತು. ಪೆಡಲ್ ಗಟ್ಟಿಯಾಗಿತ್ತು, ಗಾಡಿ ಚೆನ್ನಾಗಿಯೇ ನಿಲ್ಲುತ್ತಿತ್ತು. ನಿಧಾನಕ್ಕೆ ಮನೆ ಸೇರಿದೆವು.

ಬೆಳಿಗ್ಗೆ ಎರಡು ಕಡೆ ಫೋನ್ ಮಾಡಿ ಕೇಳಿದೆ. ಒಬ್ಬರು ಗಾಡಿ ನೋಡದೆಯೇ "ಸೆನ್ಸರ್ ಹೋಗಿದೆ, ಹೊಸದು ತರಿಸಬೇಕು" ಅಂದರು. ಇನ್ನೊಬ್ಬರು "ಆಯಿಲ್ ಕಮ್ಮಿ ಇರುತ್ತೆ, ಸ್ವಲ್ಪ ಹಾಕಿದ್ರೆ ಲೈಟ್ ಹೋಗುತ್ತೆ, ಬನ್ನಿ" ಅಂದರು. ಎರಡೂ ಸಮಾಧಾನ ಆಗಲಿಲ್ಲ. ಪಕ್ಕದ ಮನೆಯವರು ಈ ಗ್ಯಾರೇಜು ಹೇಳಿದರು.

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಜೊತೆಗೆ ಒಬ್ಬ ಹುಡುಗ. ಬಾನೆಟ್ ತೆಗೆಯುವ ಮೊದಲು ಅವರು ನನ್ನನ್ನು ಕೇಳಿದ್ದು, "ಲೈಟ್ ಯಾವಾಗ ಬರುತ್ತೆ ಟೀಚರ್? ನಿಂತಾಗಲೋ, ತಿರುಗಿಸುವಾಗಲೋ, ಬ್ರೇಕ್ ಒತ್ತಿದಾಗಲೋ?" ತಿರುವಿನಲ್ಲಿ ಮಾತ್ರ ಅಂದೆ. "ಹಂಗಾದ್ರೆ ಆಯಿಲ್ ಅಂಚಿಗೆ ಬಂದು ನಿಂತಿದೆ" ಅಂದರು. ಬ್ರೇಕ್ ಆಯಿಲ್ ಡಬ್ಬಿಯೊಳಗೆ ತೇಲುವ ಒಂದು ಬಿಲ್ಲೆ ಇರುತ್ತದೆ. ಆಯಿಲ್ ಕೆಳಗಿಳಿದಾಗ ಅದೂ ಇಳಿದು ಲೈಟ್ ಹೊತ್ತಿಸುತ್ತದೆ. ಮಟ್ಟ ಸರಿಯಾಗಿ ಅಂಚಿನಲ್ಲಿದ್ದರೆ ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲುತ್ತದೆ, ಬಿಲ್ಲೆ ಇಳಿಯುತ್ತದೆ, ಲೈಟ್ ಮಿನುಗುತ್ತದೆ.

ಹಾಗಂತ ಊಹೆಯ ಮೇಲೆ ಬಿಡಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಬಿಟ್ಟು, ಲಿವರ್ ಕೆಳಗಿನ ಸ್ವಿಚ್ ಸರಿ ಇದೆಯಾ ನೋಡಿದರು. ಕಾರನ್ನು ಒಂದು ಪಕ್ಕ ತಗ್ಗಿರುವ ಕಡೆ ನಿಲ್ಲಿಸಿದಾಗ ಲೈಟ್ ಹೊತ್ತಿಕೊಂಡಿತು. ಆಗ ಡಬ್ಬಿಗೆ ಹೋಗುವ ವೈರಿನ ಸಾಕೆಟ್ ಕಿತ್ತರು. ಲೈಟ್ ಆರಿತು. ಮತ್ತೆ ಸಿಕ್ಕಿಸಿದರು. ಉರಿಯಿತು. ಲೈಟ್ ಬರುತ್ತಿರುವುದು ಡಬ್ಬಿಯಿಂದಲೇ ಅಂತ ಅಲ್ಲಿಗೆ ಖಾತ್ರಿ. ಆಯಿಲ್ ಕೂಡ ಡಬ್ಬಿಯ ಮೇಲಿನ ಮಿನ್, ಅಂದರೆ ಕನಿಷ್ಠ ಮಟ್ಟದ ಗೆರೆಗೆ ಬಂದಿತ್ತು. ಅಂದರೆ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಅದನ್ನು ಬದಲಾಯಿಸಿದ್ದರೆ ದುಡ್ಡು ದಂಡ.

ಇಲ್ಲಿಯೇ ಬೇರೆಯವರು ಬಾಟಲಿ ತೆಗೆದು ಆಯಿಲ್ ಸುರಿಯುವುದು. ಇವರು ಸುರಿಯಲಿಲ್ಲ. "ಎಂಜಿನ್ ಆಯಿಲ್ ತರ ಇದು ಉರಿದು ಖರ್ಚಾಗಲ್ಲ ಟೀಚರ್. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರಿರಬೇಕು, ಇಲ್ಲಾ ಪ್ಯಾಡ್ ಸವೆದಿರಬೇಕು" ಅಂದರು. ಎಂಜಿನ್ ಆನ್ ಮಾಡಿ, ಪೆಡಲ್ ಬಲವಾಗಿ ಒತ್ತಿ ಹಿಡಿಯಲು ನನಗೇ ಹೇಳಿದರು. ಕಾಲಿನ ಕೆಳಗೆ ಪೆಡಲ್ ಜಾರಲಿಲ್ಲ. ಹುಡುಗ ನಾಲ್ಕೂ ಚಕ್ರದ ಒಳಬದಿ ಟಾರ್ಚ್ ಬಿಟ್ಟು ನೋಡಿದ. ಎಲ್ಲೂ ಒದ್ದೆ ಇಲ್ಲ.

ಆಮೇಲೆ ಮುಂದಿನ ಎಡ ಚಕ್ರ ಬಿಚ್ಚಿದರು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ನಿಲ್ಲಿಸುವುದೇ ಈ ಪ್ಯಾಡುಗಳು. ಹೊರಗಿನ ಪ್ಯಾಡ್ ಪರವಾಗಿಲ್ಲ, ಇನ್ನೂ ದಪ್ಪ ಇತ್ತು. ಸುಮ್ನೆ ಹೊರಗಿನಿಂದ ಬಗ್ಗಿ ನೋಡಿದ್ದರೆ ಪ್ಯಾಡ್ ಚೆನ್ನಾಗಿದೆ ಅಂತ ಯಾರಾದರೂ ಹೇಳುತ್ತಿದ್ದರು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎತ್ತಿ ಒಳಗಿನ ಪ್ಯಾಡ್ ತೆಗೆದು ನನ್ನ ಕೈಗೇ ಕೊಟ್ಟರು. ಎರಡು ಮಿಲಿಮೀಟರ್ ಇತ್ತೋ ಇಲ್ಲವೋ. ಹಿಂದಿನ ಕಬ್ಬಿಣದ ತಗಡೇ ಅದಕ್ಕಿಂತ ದಪ್ಪ. ಇನ್ನು ಸ್ವಲ್ಪ ದಿನ ಓಡಿಸಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕ್ ಕೂಡ ಹಾಳಾಗುತ್ತಿತ್ತು.

ಒಂದೇ ಚಕ್ರದ ಎರಡು ಪ್ಯಾಡ್ ಹೀಗೆ ಬೇರೆ ಬೇರೆ ಸವೆಯುವುದು ಯಾಕೆ? ಅದನ್ನೂ ತೋರಿಸಿದರು. ಈ ತರದ ಕಾರುಗಳಲ್ಲಿ ಪಿಸ್ಟನ್ ಒಳಬದಿಗೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಮೇಲಿನ ಪಿನ್ ಸಲೀಸಾಗಿ ಆಡುತ್ತಿತ್ತು. ಕೆಳಗಿನದು ಅಲುಗಲಿಲ್ಲ. ಅದರ ರಬ್ಬರ್ ಹರಿದು, ನಮ್ಮ ಮಳೆಗಾಲದ ನೀರು ಒಳಗೆ ಹೋಗಿ, ಗ್ರೀಸ್ ಎಲ್ಲಾ ತೊಳೆದು ತುಕ್ಕು ಹಿಡಿದಿತ್ತು. ಹಾಗಾಗಿ ಒಳಗಿನ ಪ್ಯಾಡೇ ಹೆಚ್ಚಿನ ಭಾರ ಹೊತ್ತು ಸವೆದಿತ್ತು. ಬರೀ ಪ್ಯಾಡ್ ಬದಲಾಯಿಸಿ ಪಿನ್ ಹಾಗೇ ಬಿಟ್ಟಿದ್ದರೆ ಹೊಸ ಪ್ಯಾಡಿಗೂ ಅದೇ ಗತಿ ಆಗುತ್ತಿತ್ತು, ಅಲ್ವಾ? ಮೇಸ್ತ್ರಿ ಪಿನ್ ಎಳೆದು, ತುಕ್ಕು ಉಜ್ಜಿ ತೆಗೆದು, ಬ್ರೇಕಿಗೆ ಹಾಕುವ ಗ್ರೀಸನ್ನೇ ಹಚ್ಚಿ, ಹೊಸ ರಬ್ಬರ್ ಹಾಕಿದರು. ಬಲಗಡೆಯ ಚಕ್ರವನ್ನೂ ಬಿಚ್ಚಿ ಪಿನ್ ನೋಡಿ, ಎರಡೂ ಕಡೆಗೆ ಹೊಸ ಪ್ಯಾಡ್ ಹಾಕಿದರು. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು.

ನನಗೆ ತುಂಬಾ ಹಿಡಿಸಿದ್ದು ಇದರ ಮಧ್ಯದ ಒಂದು ಗಳಿಗೆ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ ಹಿಂದಕ್ಕೆ ತಳ್ಳಬೇಕು. ಹುಡುಗ ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ತಿರುಗಿಸುತ್ತಿದ್ದ. ಮೇಸ್ತ್ರಿ ನನ್ನನ್ನು ಬಾನೆಟ್ ಹತ್ತಿರ ಕರೆದು "ಡಬ್ಬಿ ನೋಡ್ತಾ ಇರಿ" ಅಂದರು. ಮಿನ್ ಗೆರೆಯಲ್ಲಿದ್ದ ಆಯಿಲ್ ಕಣ್ಣೆದುರೇ ಮೇಲೇರಿತು. ಎರಡೂ ಕಡೆ ಮುಗಿಯುವಷ್ಟರಲ್ಲಿ ಮ್ಯಾಕ್ಸ್ ಗೆರೆಯ ಹತ್ತಿರ ಬಂದಿತ್ತು. ಒಂದು ಹನಿಯೂ ಹೊರಗಿನಿಂದ ಹಾಕಿರಲಿಲ್ಲ! ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದಕ್ಕೆ ಬಂದು, ಅದರ ಹಿಂದಿನ ಜಾಗವನ್ನು ಇದೇ ಆಯಿಲ್ ತುಂಬಿಕೊಂಡಿತ್ತು. ಮೊದಲೇ ಟಾಪ್ ಅಪ್ ಮಾಡಿದ್ದರೆ ಈಗ ಉಕ್ಕಿ ಚೆಲ್ಲುತ್ತಿತ್ತು. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಎದ್ದುಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಲೈಟ್ ಆರಿ ನಾನು ಸಮಾಧಾನದಿಂದ ಎರಡು ಮಿಲಿಮೀಟರ್ ಪ್ಯಾಡಿನಲ್ಲಿ ಘಾಟಿ ಇಳಿಯುತ್ತಿದ್ದೆ.

ಆಯಿಲ್ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದನ್ನು ಪೂರ್ತಿ ಬದಲಾಯಿಸಲು ನಾನೇ ಒಪ್ಪಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ಗ್ರೇಡಿನ ಆಯಿಲ್ ಹೊಸದಾಗಿದ್ದಾಗ ಕಡೇಪಕ್ಷ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತವೆ. ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಮಲೆನಾಡಿನಲ್ಲಿ ಇದ್ದು ಘಾಟಿಯಲ್ಲಿ ಓಡಾಡುವವರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವುದನ್ನು ಯಾವ ಕಾರಣಕ್ಕೂ ಮುಂದೂಡಬೇಡಿ. ಇವರ ಕಪಾಟಿನಲ್ಲಿ ಅರ್ಧ ಖಾಲಿಯಾದ ಒಂದು ಬಾಟಲಿ ಇತ್ತು. ಅದನ್ನು ಮುಟ್ಟಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರೆದ ಗ್ರೇಡ್ ನೋಡಿಕೊಂಡು, ಸೀಲ್ ಇದ್ದ ಹೊಸ ಬಾಟಲಿಯನ್ನು ನನ್ನ ಎದುರೇ ಒಡೆದರು.

ಕೊನೆಗೆ, ಕಾರು ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿಸಿದರು. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತು ಖಾಲಿ ಹೋಗುತ್ತದೆ. ಅದು ರಸ್ತೆಯಲ್ಲಿ ಆಗಬಾರದು. ಅವರೇ ಮುಂದೆ ಕೂತು ಒಂದು ಸುತ್ತು ಓಡಿಸಿ ಬಂದರು. ಸ್ವಲ್ಪ ದಿನ ಗಡಕ್ಕನೆ ಬ್ರೇಕ್ ಹಾಕಬೇಡಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂದರು.

ಖರ್ಚು: ಪ್ಯಾಡ್ ಸೆಟ್ 1,600, ಆಯಿಲ್ 250, ರಬ್ಬರ್ ಮತ್ತು ಗ್ರೀಸ್ 180, ಕೂಲಿ 900. ಒಟ್ಟು 2,930 ರೂಪಾಯಿ. ಹಳೇ ಪ್ಯಾಡುಗಳನ್ನು ಕವರಿಗೆ ಹಾಕಿ ಕೊಟ್ಟರು. ಘಾಟಿ ಇಳಿಯುವ ಗಾಡಿಗೆ ಇದು ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ.

ಕೊರತೆಗಳೂ ಇವೆ. ಕೂರಲು ಒಂದು ಹಳೇ ಬೆಂಚು ಬಿಟ್ಟರೆ ಏನಿಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಕೆಲಸ ನಿಧಾನ. ನನ್ನ ಅರ್ಧ ದಿನ ಹೋಯಿತು. ಕೈಯಲ್ಲಿ ಗ್ರೀಸ್ ಇದ್ದರೆ ಫೋನ್ ಎತ್ತುವುದಿಲ್ಲ. ಬಿಲ್ ಬೇಕೆಂದರೆ ಮೊದಲೇ ಹೇಳಬೇಕು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ತಪಾಸಣೆ ಮಾಡುವ ಸ್ಕ್ಯಾನರ್ ಇವರ ಹತ್ತಿರ ಇಲ್ಲ. ಕೆಂಪು ಲೈಟಿನ ಜೊತೆಗೆ ಹಳದಿ ಎಬಿಎಸ್ ಲೈಟೂ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಕಡೆಯೇ ಹೋಗಬೇಕು, ಅದನ್ನು ಅವರೇ ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಸಾಮಾನ್ಯವಾಗಿ ಎಂಜಿನ್ ದೋಷದ ಕೋಡ್ ಮಾತ್ರ ಓದುತ್ತವೆ, ಇದಕ್ಕೆ ಅವನ್ನು ನಂಬಬೇಡಿ. ಪೆಡಲ್ ಮೆತ್ತಗಾಗಿದ್ದರೆ ಅಥವಾ ಕೆಳಗೆ ಜಾರುತ್ತಿದ್ದರೆ ಗಾಡಿ ಓಡಿಸಿಕೊಂಡು ಹೋಗಲೇಬೇಡಿ, ಟೋ ಮಾಡಿಸಿ.

ಬೆಳಿಗ್ಗೆ ಬೇಗ ಹೋದರೆ ಅದೇ ದಿನ ಮುಗಿಯುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ. ಹೋಗುವ ಮೊದಲು ಲೈಟ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಸರಿಯಾಗಿ ಗಮನಿಸಿಕೊಂಡು ಹೋಗಿ, ಮೇಸ್ತ್ರಿ ಮೊದಲು ಕೇಳುವುದೇ ಅದನ್ನು.