ಪದ್ಮಿನಿಯ ಡ್ರಮ್ ಬ್ರೇಕು: ಒಂಬತ್ತು ವರ್ಷ ಒತ್ತಿದ ಮೇಲೆ

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಅಪ್ಪನಿಂದ ನನ್ನ ಕೈಗೆ ಬಂದು ಒಂಬತ್ತು ವರ್ಷ. ಸಿಗ್ನಲ್ಲಿನಲ್ಲಿ ಪಕ್ಕ ನಿಂತವರು ಮೊದಲು ಮೈಲೇಜು ಕೇಳುತ್ತಾರೆ, ಆಮೇಲೆ "ಬ್ರೇಕ್ ನಿಲ್ಲತ್ತಾ ಸಾರ್?" ನಿಲ್ಲುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ಮು (ಚಕ್ರದ ಜೊತೆ ತಿರುಗುವ ಡಬ್ಬಿ; ಒಳಗಿನ ಶೂಗಳು ಅದಕ್ಕೆ ಒತ್ತಿ ನಿಲ್ಲಿಸುತ್ತವೆ), ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲ, ಕಾಲಿಗೆ ಸ್ವಲ್ಪ ಕೆಲಸ ಜಾಸ್ತಿ, ಅಷ್ಟೇ.

ಮೊದಲೆರಡು ವರ್ಷ ಮಾತ್ರ ಪ್ರಾಣ ಕೈಯಲ್ಲಿ ಹಿಡಿದು ಓಡಿಸಿದೆ. ಪೆಡಲ್ ಮೊದಲ ಸಲ ತಳ ಮುಟ್ಟುತ್ತಿತ್ತು, ಎರಡನೇ ಸಲಕ್ಕೆ ಹಿಡಿಯುತ್ತಿತ್ತು. ಜೋರಾಗಿ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಒಂದು ಗ್ಯಾರೇಜಿನವರು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿದರು. ದುಡ್ಡು ಹೋಯಿತು, ಎಳೆತ ಹೋಗಲಿಲ್ಲ. ಕೊನೆಗೆ ವಿಲ್ಸನ್ ಗಾರ್ಡನ್ನಿನ ವಯಸ್ಸಾದ ಮೇಸ್ತ್ರಿಯೊಬ್ಬರು ಬಲಗಡೆ ಮುಂದಿನ ಡ್ರಮ್ ಬಿಚ್ಚಿ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಲ್ಲಿ ಎತ್ತಿ ತೋರಿಸಿದರು. ಬ್ರೇಕ್ ಆಯಿಲ್ ತೊಟ್ಟಿಕ್ಕಿತು. ಶೂ ಮೇಲಿನ ಲೈನಿಂಗು, ಅಂದರೆ ಡ್ರಮ್ಮಿಗೆ ಉಜ್ಜುವ ಪಟ್ಟಿ, ಬೆಣ್ಣೆ ಸವರಿದ ದೋಸೆ ಹಾಗೆ ಮಿರಮಿರ. "ಈ ಕಡೆ ಜಾರತ್ತೆ, ಆ ಕಡೆ ಹಿಡಿಯತ್ತೆ. ಎಳೀದೆ ಇನ್ನೇನ್ ಮಾಡತ್ತೆ ಸ್ವಾಮಿ?"

ಅಂಥ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಕುಡಿದದ್ದನ್ನೆಲ್ಲ ಕಕ್ಕುತ್ತದೆ, ನಂಬಬೇಡಿ. ಮುಂದಿನ ಎರಡೂ ಕಡೆ ಹೊಸ ಲೈನಿಂಗ್ ಹೊಡೆಸಿದೆ, ಎರಡೂ ಡ್ರಮ್ ಲೇತಿಗೆ ಹಾಕಿಸಿ ಒಳಮೈ ಸಮ ಮಾಡಿಸಿದೆ. ಒಂದೇ ಕಡೆ ಮಾಡಿಸಿದರೆ ಎಳೆತ ದಿಕ್ಕು ಬದಲಿಸುತ್ತದೆ, ಹೋಗುವುದಿಲ್ಲ. ಇನ್ನೊಂದು ಮಾತು: ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿ ಹೊಡೆದು ಧೂಳು ಎಬ್ಬಿಸುವ ಹುಡುಗನನ್ನು ತಡೆದು, ಒದ್ದೆ ಬಟ್ಟೆ ಕೊಡಿ.

ಪೆಡಲ್ ತಳ ಮುಟ್ಟುತ್ತಿದ್ದದ್ದು ಶೂಗೂ ಡ್ರಮ್ಮಿಗೂ ಅಂತರ ಜಾಸ್ತಿಯಾಗಿ. ಈಗ ಮೂರು ಸಾವಿರ ಕಿಲೋಮೀಟರಿಗೊಮ್ಮೆ ನಾನೇ ಅಡ್ಜಸ್ಟ್ ಮಾಡುತ್ತೇನೆ. ಚಕ್ರ ಎತ್ತಿ, ಕೈಯಲ್ಲಿ ತಿರುಗಿಸುತ್ತಾ ಬ್ರೇಕಿನ ಅಡ್ಜಸ್ಟರ್ ಬಿಗಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಗಕ್ಕನೆ ನಿಲ್ಲುತ್ತದೆ. ಅಲ್ಲಿಂದ ಚೂರು ಸಡಿಲಿಸಿದರೆ ಒಳಗೆ ಸರ್ ಅನ್ನುವ ತೆಳು ಸದ್ದು. ಆ ಸದ್ದೂ ನಿಲ್ಲುವ ಹೊತ್ತಿಗೆ ಕೈ ತೆಗೆಯಬೇಕು. ಹಿಂದಿನ ಚಕ್ರ ಮುಟ್ಟುವಾಗ ಹ್ಯಾಂಡ್‌ಬ್ರೇಕ್ ಇಳಿಸಿರಿ. ನಾನು ಮರೆತು ಅರ್ಧ ಭಾನುವಾರ ಕಳೆದಿದ್ದೇನೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆಮೇಲೆ ಬೇಗ ಕುದಿಯುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು, ಡಾಟ್ 3 ದರ್ಜೆಯದು. ಪೈಪಿನಲ್ಲಿ ಸಿಕ್ಕಿದ ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡಚಕ್ರದಿಂದ ಶುರು. ಮಗ ಪೆಡಲ್ ಮೇಲೆ, ನಾನು ಕಾರಿನ ಕೆಳಗೆ: "ಒತ್ತಿ ಹಿಡ್ಕೋ." "ಹಿಡ್ಕೊಂಡಿದೀನಪ್ಪಾ." ಬಾಟಲಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಇದೇ ಸಂಭಾಷಣೆ.

ದೂರುಗಳೂ ಇವೆ. ಜೆ.ಸಿ. ರಸ್ತೆಯಲ್ಲಿ ತಂದ ಸಿಲಿಂಡರಿನ ಒಂದು ರಬ್ಬರ್ ಕಿಟ್ ಆರೇ ತಿಂಗಳಿಗೆ ಸೋರಿತು. ಅಸಲಿ, ನಕಲಿ ಕಣ್ಣಿಗೆ ತಿಳಿಯುವುದಿಲ್ಲ. ಮಳೆಯಲ್ಲಿ ಅಂಡರ್‌ಪಾಸಿನ ನೀರು ದಾಟಿದರೆ ಬ್ರೇಕು ಇದೆಯೋ ಇಲ್ಲವೋ ಅನ್ನಿಸುತ್ತದೆ. ಪೆಡಲ್ ಹಗುರವಾಗಿ ಒತ್ತಿಕೊಂಡು ನಿಧಾನ ಹೋಗಿ ಒಣಗಿಸಬೇಕು.

ಡ್ರಮ್ಮಿನ ಬದಲು ಡಿಸ್ಕ್ ಬ್ರೇಕ್ (ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವಂಥದ್ದು) ಹಾಕಿಸು ಅನ್ನುವ ಗೆಳೆಯರಿಗೆ ನಂದಿಬೆಟ್ಟದ ಇಳಿಜಾರೇ ಆಧಾರ. ನಿಜ, ಕಾದ ಡ್ರಮ್ಮು ಹಿಗ್ಗಿ ಶೂಯಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಒಮ್ಮೆ ಟಾಪ್ ಗೇರಿನಲ್ಲಿ ಇಳಿದು ಆ ಸುಟ್ಟ ವಾಸನೆ ಕುಡಿದಿದ್ದೇನೆ. ಈಗ ಸೆಕೆಂಡ್ ಗೇರ್ ಹಾಕಿ ಇಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.